ಎಲೆಕ್ಟ್ರಾನಿಕ್ ಡ್ರಮ್ ಕೊಳ್ಳುವ ಮುಂಚೆ ವಾಲ್ಯೂಮ್ ಸೊನ್ನೆಗೆ ಇಳಿಸಿ ಬಾರಿಸಿ

ಮಂಗಳೂರಿನ ಫ್ಲ್ಯಾಟ್‌ನಲ್ಲಿ ಅಭ್ಯಾಸಕ್ಕೆ ಎಲೆಕ್ಟ್ರಾನಿಕ್ ಡ್ರಮ್ ಕಿಟ್ ನೋಡುತ್ತಿದ್ದೀರಾ? ಅಂಗಡಿಯಲ್ಲಿ ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ ಎರಡು ನಿಮಿಷ ಬಾರಿಸಿ. ಹೆಡ್‌ಫೋನ್ ಹಾಕಿದರೆ ಎಲ್ಲ ಕಿಟ್ಟೂ ಚೆಂದವೇ. ಆದರೆ ಪಕ್ಕದ ಮನೆಗೆ ಕೇಳುವುದು ಕೋಲು ಪ್ಯಾಡಿಗೆ ಬಡಿಯುವ ಸದ್ದು, ಕೆಳಗಿನ ಮನೆಗೆ ಕೇಳುವುದು ಕಾಲಲ್ಲಿ ಒತ್ತುವ ಕಿಕ್ ಪೆಡಲ್‌ನ ಧಡ್ ಧಡ್, ಅಲ್ವಾ? ಮೆಶ್ ಪ್ಯಾಡ್, ಅಂದರೆ ಜಾಲರಿ ಬಟ್ಟೆ ಬಿಗಿದ ಪ್ಯಾಡ್, ಬಲೆಯ ಹಾಗೆ ಬಗ್ಗುತ್ತದೆ. ಅದಕ್ಕೇ ರಬ್ಬರ್ ಪ್ಯಾಡಿಗಿಂತ ಸದ್ದು ಕಮ್ಮಿ, ಮಣಿಕಟ್ಟಿಗೂ ಹಿತ. ದುಡ್ಡು ಸಾಲದಿದ್ದರೆ ಸ್ನೇರ್ (ಬಾರಿಸುವವರ ಮುಂದೆಯೇ ಇರುವ ಮುಖ್ಯ ಡ್ರಮ್) ಒಂದಾದರೂ ಮೆಶ್ ಇರಲಿ, ಕೋಲಲ್ಲಿ ಬಾರಿಸುವ ಡ್ರಮ್‌ಗಳಲ್ಲಿ ಜಾಸ್ತಿ ಪೆಟ್ಟು ಬೀಳುವುದು ಅದಕ್ಕೇ.

ಕಿಕ್ ವಿಷಯದಲ್ಲಿ ಮಾತ್ರ ಈ ಪರೀಕ್ಷೆ ನಂಬಬೇಡಿ. ಅಂಗಡಿ ನೆಲಮಹಡಿಯಲ್ಲಿದ್ದರೆ ನೆಲಕ್ಕಿಳಿಯುವ ಅದುರು ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ಎರಡು ದಪ್ಪ ಪ್ಲೈವುಡ್ ಹಲಗೆಗಳ ನಡುವೆ ಟೆನಿಸ್ ಚೆಂಡು ಸಾಲಾಗಿಟ್ಟು, ಅದರ ಮೇಲೆ ಕಿಟ್ ನಿಲ್ಲಿಸಿ. ಅದುರಿನ ಬಹುಪಾಲನ್ನು ಚೆಂಡುಗಳೇ ನುಂಗುತ್ತವೆ. ಚೆಂಡು ಉರುಳದ ಹಾಗೆ ಹಲಗೆಯಲ್ಲಿ ಚೆಂಡಿಗಿಂತ ಚಿಕ್ಕ ತೂತು ಕೊರೆಸಿ, ಸುಮ್ನೆ ಅಂಟಿಸಿದರೆ ನಿಲ್ಲುವುದಿಲ್ಲ. ಹಂಚಿನ ಮನೆಯ ಮರದ ಮಹಡಿಯಾದರೆ ಇದೂ ಸಾಲದು, ಕಿಟ್ಟನ್ನು ನೆಲಮಹಡಿಯಲ್ಲೇ ಇಡಿ.

ರೋಸ್ (ಮಂಗಳೂರು ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ), ಮದುವೆ, ಚರ್ಚ್ ಹಬ್ಬದ ವೇದಿಕೆಗೂ ಅದೇ ಕಿಟ್ ಬೇಕಿದ್ದರೆ ಮಾಡ್ಯೂಲ್‌ನ (ಪ್ಯಾಡ್‌ಗಳ ಸದ್ದು ಹುಟ್ಟಿಸುವ ಪೆಟ್ಟಿಗೆ) ಹಿಂದೆ ನೋಡಿ: ಹೆಡ್‌ಫೋನ್ ತೂತಲ್ಲದೆ ಸ್ಪೀಕರ್‌ಗೆ ಸದ್ದು ಕಳಿಸುವ ಎಡ-ಬಲ ಔಟ್‌ಪುಟ್ ಬೇರೆಯಾಗಿ ಇರಲೇಬೇಕು.