ಕ್ರೋಮಿಯಂ ಟ್ರೈಅಯೋಡೈಡ್‌ನ ಏಕಸ್ಫಟಿಕಗಳನ್ನು ಬೆಳೆಸುವ ವಿಧಾನ

ಪದರ ಪದರವಾಗಿ ಸುಲಿಯಬಹುದಾದ ಕಾಂತೀಯ ವಸ್ತುಗಳಲ್ಲಿ ಕ್ರೋಮಿಯಂ ಟ್ರೈಅಯೋಡೈಡ್ ಹೆಸರುವಾಸಿ. ಇದರ ಒಂದೇ ಪದರದಲ್ಲೂ ಸುಮಾರು 45 ಕೆಲ್ವಿನ್‌ವರೆಗೆ ಫೆರೋಕಾಂತತೆ (ಕಬ್ಬಿಣದಂತೆ ತಾನಾಗಿಯೇ ಕಾಂತವಾಗಿರುವ ಗುಣ) ಉಳಿಯುವುದು 2017ರಲ್ಲಿ ವರದಿಯಾಯಿತು.

ಒಂದು ಗ್ರಾಂ ಸ್ಫಟಿಕಕ್ಕೆ ಸುಮಾರು 0.12 ಗ್ರಾಂ ಕ್ರೋಮಿಯಂ ಪುಡಿಯನ್ನೂ 0.88 ಗ್ರಾಂ ತೇವಾಂಶವಿಲ್ಲದ ಅಯೋಡಿನ್ ಅನ್ನೂ ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸಿನೊಳಗೆ (ಕೈಗವಸು ಜೋಡಿಸಿದ, ಗಾಳಿಯಾಡದ ಪೆಟ್ಟಿಗೆ) ತೂಗಿ, ಒಂದು ತುದಿ ಮುಚ್ಚಿದ ಕ್ವಾರ್ಟ್ಜ್ ಕೊಳವೆಗೆ ಹಾಕಬೇಕು.

ಇಡೀ ಕೆಲಸದಲ್ಲಿ ನಾಜೂಕಿನ ಘಟ್ಟವೆಂದರೆ ಕೊಳವೆಯ ಬಾಯಿ ಮುಚ್ಚುವುದು. ನಿರ್ವಾತದಲ್ಲಿ ಅಯೋಡಿನ್ ಆವಿಯಾಗಿ ಪಂಪಿಗೆ ಹೋಗಿಬಿಡುವುದರಿಂದ, ಕೆಳತುದಿಯನ್ನು ದ್ರವ ಸಾರಜನಕದಲ್ಲಿ ಅದ್ದಿಟ್ಟೇ ಗಾಳಿ ತೆಗೆಯಬೇಕು. ಆದರೆ ಅಷ್ಟು ತಂಪಿನಲ್ಲಿ ಆರ್ಗಾನ್ ಸಹ ಘನೀಭವಿಸುವುದರಿಂದ, ಅದು ಪೂರ್ತಿ ಹೊರಹೋಗುವ ಮೊದಲೇ ಬಾಯಿ ಬೆಸೆದರೆ ಕೊಳವೆ ಬಿಸಿಯಾಗುತ್ತಿದ್ದಂತೆ ಸಿಡಿದೀತು. ಮುಖಕವಚ ಇಲ್ಲಿ ಕಡ್ಡಾಯ.

ಬಳಿಕ ಕೊಳವೆಯನ್ನು ಕುಲುಮೆಯಲ್ಲಿ ಅಡ್ಡಲಾಗಿಟ್ಟು, ಪುಡಿಯಿರುವ ತುದಿ 650, ನಡುಭಾಗ 550 ಡಿಗ್ರಿ ಸೆಲ್ಸಿಯಸ್ ಆಗುವಂತೆ ನಿಧಾನವಾಗಿ ಕಾಯಿಸಬೇಕು. ಇನ್ನೊಂದು ತುದಿ ಕುಲುಮೆಯ ಹೊರಗೆ ತಣ್ಣಗಿದ್ದರೆ ಹೆಚ್ಚುವರಿ ಅಯೋಡಿನ್ ಅಲ್ಲಿ ಕೂತು ಒತ್ತಡ ಹತೋಟಿಯಲ್ಲಿರುತ್ತದೆ. ಅವಸರದಿಂದ ಕಾಯಿಸುವವರು ಇದನ್ನೇ ಮರೆಯುತ್ತಾರೆ. ಒಂದು ವಾರದ ಹೊತ್ತಿಗೆ ನಡುಭಾಗದಲ್ಲಿ ಕಪ್ಪಗೆ ಹೊಳೆಯುವ ತೆಳು ಹಾಳೆಗಳು ಕಾಣಿಸುತ್ತವೆ.

ತೇವದ ಗಾಳಿ ತಗುಲಿದರೆ ಅವು ಕೆಡುವುದರಿಂದ ಕೊಳವೆಯನ್ನು ಗ್ಲೋವ್ ಬಾಕ್ಸಿನೊಳಗೇ ಒಡೆಯಬೇಕು. ಒಂದೇ ಪದರಕ್ಕಿಂತ ಭಿನ್ನವಾಗಿ, ಹಲವು ಪದರಗಳ ಇಡೀ ಸ್ಫಟಿಕದ ಕಾಂತತ್ವದ ಅಳತೆಯಲ್ಲಿ 61 ಕೆಲ್ವಿನ್ ಆಸುಪಾಸಿನಲ್ಲಿ ಫೆರೋಕಾಂತೀಯ ಬದಲಾವಣೆ ಸ್ಪಷ್ಟವಾಗಿ ಕಂಡರೆ ಸ್ಫಟಿಕವನ್ನು ಮುಂದಿನ ಪ್ರಯೋಗಗಳಿಗೆ ಬಳಸಬಹುದು.