ನೂರೈವತ್ತು ವರ್ಷದ ಪಾರ್ಕಿಗೆ ಡೈರೆಕ್ಟರ್ ಬೇಕಾಗಿದ್ದಾರೆ

ಗಿಡಮರ ಪ್ರೀತಿಸುವವರನ್ನು ಹುಡುಕಿಕೊಂಡು ಹೋಗಬೇಡಿ. ಅವರು ತಾವಾಗೇ ಬರುತ್ತಾರೆ, ಜಾಸ್ತಿನೇ ಬರುತ್ತಾರೆ. ಪಾರ್ಕ್ ನಡೆಸುವ ಟ್ರಸ್ಟ್‌ಗೆ ಬೇಕಾಗಿರುವವರು ಬೇರೆ. ಸಿಟ್ಟಾದ ಜನರ ಮುಂದೆ ನಿಂತು "ಆಗಲ್ಲ" ಎನ್ನಬೇಕು, ಮರುದಿನ ಅದೇ ಜನರ ಜೊತೆ ಕೂತು ಟೀ ಕುಡಿಯಬೇಕು. ಎರಡೂ ಬರುವವರು ಕಡಿಮೆ. ಅವರನ್ನು ಹೇಗೆ ಹುಡುಕುವುದು ಎನ್ನುವುದಷ್ಟೇ ಇಲ್ಲಿರುವ ವಿಷಯ.

ನಾನು ಬಸವನಗುಡಿಯವಳು, ಈಗ ಇರುವುದು ದಕ್ಷಿಣ ಲಂಡನ್ನಿನಲ್ಲಿ. ಹೊಟ್ಟೆಪಾಡು ಲೆಕ್ಕಪತ್ರದ್ದು. ಸಂಬಳವಿಲ್ಲದ ಇನ್ನೊಂದು ಕೆಲಸವೂ ಇದೆ: ಮನೆ ಹತ್ತಿರದ ವಿಕ್ಟೋರಿಯಾ ಕಾಲದ ಪಾರ್ಕೊಂದನ್ನು ನಡೆಸುವ ಚಾರಿಟಿಗೆ, ಅಂದರೆ ಲಾಭಕ್ಕಲ್ಲದ ಸೇವಾ ಸಂಸ್ಥೆಗೆ, ನಾನು ಖಜಾಂಚಿ. ಜಾಗ ಕೌನ್ಸಿಲ್‌ನದು (ಇಲ್ಲಿನ ನಗರಸಭೆ ಎನ್ನಿ), ಲೀಸ್ ನಮ್ಮದು. ಹಳೇ ಡೈರೆಕ್ಟರ್ ನಿವೃತ್ತರಾದಾಗ ಹೊಸಬರನ್ನು ಆರಿಸುವ ಸಮಿತಿಯಲ್ಲಿ ನಾನೂ ಇದ್ದೆ. ಅರ್ಜಿ ಹಾಕಿದವರ ವಿಷಯ ಹೊರಗೆ ಹೋಗಬಾರದು, ಹಾಗಾಗಿ ಪಾರ್ಕಿನ ಹೆಸರು ಹೇಳುವುದಿಲ್ಲ.

ಬೆಂಗಳೂರಿನಿಂದ ನೋಡುವವರಿಗೆ ಇದು ವಿಚಿತ್ರ ಅನ್ನಿಸಬಹುದು. ಲಾಲ್‌ಬಾಗ್, ಕಬ್ಬನ್ ಪಾರ್ಕ್ ತೋಟಗಾರಿಕೆ ಇಲಾಖೆಯ ಕೈಯಲ್ಲಿವೆ. ಒಬ್ಬ ಅಧಿಕಾರಿಗೆ ವರ್ಗವಾದರೆ ಇನ್ನೊಬ್ಬರು ಬರುತ್ತಾರೆ. ಇಲ್ಲಿ ಪಾರ್ಕ್ ನಡೆಸುವುದು ಕೌನ್ಸಿಲ್‌ಗಳಿಗೆ ಕಾನೂನಿನ ಪ್ರಕಾರ ಕಡ್ಡಾಯವೇ ಅಲ್ಲ. ವೃದ್ಧರ ಆರೈಕೆ, ಮಕ್ಕಳ ರಕ್ಷಣೆ ಕಡ್ಡಾಯ. ದುಡ್ಡು ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಪಾರ್ಕಿಗೆ. ಅದಕ್ಕೇ ಕೆಲವು ಪಾರ್ಕುಗಳು ಚಾರಿಟಿಗಳ ಕೈಗೆ ಬಂದಿವೆ. ಮಿಲ್ಟನ್ ಕೀನ್ಸ್‌ನ ಪಾರ್ಕ್ಸ್ ಟ್ರಸ್ಟ್ 1992ರಲ್ಲಿ ಶುರುವಾದಾಗ ಕೈಯಲ್ಲಿ ಸುಮಾರು 2 ಕೋಟಿ ಪೌಂಡಿನ ಮೂಲಧನವಿತ್ತು, ಪುಣ್ಯವಂತರು. ಹೈಡ್ ಪಾರ್ಕ್ ಸೇರಿದ ರಾಯಲ್ ಪಾರ್ಕ್ಸ್ 2017ರಲ್ಲಿ ಚಾರಿಟಿಯಾಯಿತು. ಕ್ರಿಸ್ಟಲ್ ಪ್ಯಾಲೇಸ್ ಪಾರ್ಕ್ 2023ರಲ್ಲಿ ಬ್ರಾಮ್ಲಿ ಕೌನ್ಸಿಲ್‌ನಿಂದ ಅಲ್ಲಿನ ಟ್ರಸ್ಟಿನ ಕೈಗೆ ಬಂತು. ಇಲ್ಲಿ ಯಾರೂ ಯಾರನ್ನೂ ಪೋಸ್ಟಿಂಗ್ ಮಾಡುವುದಿಲ್ಲ. ನಾವೇ ಹುಡುಕಬೇಕು.

ಜಾಹೀರಾತಿಗೆ ಮೊದಲು ಜಗಳ ಮುಗಿಸಿಕೊಳ್ಳಿ

ಟ್ರಸ್ಟಿಗಳಲ್ಲಿ ಒಬ್ಬೊಬ್ಬರ ತಲೆಯಲ್ಲೂ ಒಬ್ಬೊಬ್ಬ ಡೈರೆಕ್ಟರ್ ಇರುತ್ತಾರೆ. ನಮ್ಮಲ್ಲಿ ಒಬ್ಬರಿಗೆ ದೇಣಿಗೆ ತರುವವರು ಬೇಕಿತ್ತು, ಇನ್ನೊಬ್ಬರಿಗೆ ಹಳೇ ಕಟ್ಟಡಗಳ ಪಂಡಿತರು, ಮತ್ತೊಬ್ಬರಿಗೆ ಕೌನ್ಸಿಲ್ ಜೊತೆ ಜೋರಾಗಿ ಮಾತಾಡುವವರು. ಮೂವರನ್ನೂ ಒಂದೇ ಜಾಹೀರಾತಿಗೆ ತುರುಕಿದರೆ ಮನುಷ್ಯಮಾತ್ರರು ಯಾರೂ ಅರ್ಜಿ ಹಾಕುವುದಿಲ್ಲ.

ನಾವು ಮಾಡಿದ್ದು ಇಷ್ಟು. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆವು. "ಮೂರು ವರ್ಷದಲ್ಲಿ ಯಾವುದು ಆಗದಿದ್ದರೆ ಈ ನೇಮಕ ದಂಡ ಅಂತೀರಿ?" ಒಂದೇ ಸಾಲಿನಲ್ಲಿ ಬರೆಯಬೇಕು, ಹೆಸರು ಬೇಡ. ಓದಿದಾಗ ಹೆಚ್ಚಿನವರು ಬರೆದದ್ದು ದೇಣಿಗೆಯನ್ನಲ್ಲ, ಕಟ್ಟಡವನ್ನೂ ಅಲ್ಲ. ಸುತ್ತಲಿನ ಜನ ನಮ್ಮನ್ನು ನಂಬುವುದಿಲ್ಲ, ಅದು ಸರಿಹೋಗಬೇಕು ಎಂದು ಬರೆದಿದ್ದರು. ಬೇಸಿಗೆಯ ಸಂಗೀತ ಕಚೇರಿಗಳಿಗೆ ಮೈದಾನ ಬಾಡಿಗೆಗೆ ಕೊಟ್ಟ ಮೇಲೆ ಶುರುವಾದ ಮುನಿಸು ಅದು. ಹುದ್ದೆಯ ವಿವರ ಆಮೇಲೆ ತಾನಾಗೇ ಬರೆಸಿಕೊಂಡಿತು.

ಪಾರ್ಕಿಗೆ ಯಾವ ಕಾಲದಲ್ಲಿ ಯಾರು ಬೇಕು ಎನ್ನುವುದಕ್ಕೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಒಳ್ಳೆಯ ಉದಾಹರಣೆ. ಅದನ್ನು ನೋಡಿಕೊಳ್ಳುವ ಲಾಭರಹಿತ ಸಂಸ್ಥೆ ಕನ್ಸರ್ವೆನ್ಸಿ ಹುಟ್ಟಿದ್ದು 1980ರಲ್ಲಿ. ಆಗ ಪಾರ್ಕ್ ಹಾಳುಬಿದ್ದಿತ್ತು. ಮುಂದೆ ನಿಂತವರು ಎಲಿಜಬೆತ್ ಬಾರ್ಲೋ ರಾಜರ್ಸ್. ಅವರು ತೋಟಗಾರ್ತಿ ಅಲ್ಲ, ನಗರ ಯೋಜನೆ ಓದಿದ ಲೇಖಕಿ. ಈ ಪಾರ್ಕನ್ನು ಉಳಿಸಬಹುದು ಎಂದು ಊರಿನವರನ್ನು ಒಪ್ಪಿಸುವುದೇ ಆಗಿನ ಕೆಲಸವಾಗಿತ್ತು. ಮುಂದೆ ಆ ಜಾಗಕ್ಕೆ ಬಂದ ಡಗ್ಲಾಸ್ ಬ್ಲಾನ್ಸ್ಕಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್, 1985ರಿಂದ ಅಲ್ಲೇ ಕೆಲಸ ಮಾಡಿ ಮೇಲೆ ಬಂದವರು. ಅಷ್ಟು ಹೊತ್ತಿಗೆ ಬೇಕಾಗಿದ್ದದ್ದು 843 ಎಕರೆಯನ್ನು ದಿನಾ ಚೊಕ್ಕವಾಗಿ ಇಡುವ ಕೈ. ಪಾರ್ಕನ್ನು 49 ವಲಯ ಮಾಡಿ, ವಲಯಕ್ಕೊಬ್ಬ ತೋಟಗಾರರನ್ನು ಹೊಣೆ ಮಾಡಿದರು. ಇಬ್ಬರನ್ನೂ ಅದಲು ಬದಲು ಮಾಡಿದ್ದರೆ? ನನಗೇನೋ ಅನುಮಾನ.

ಪಾರ್ಕ್ ಹಳೆಯದಾದರೆ ಇನ್ನೊಂದು ಹೊರೆಯೂ ಇರುತ್ತದೆ. ಕ್ರಿಸ್ಟಲ್ ಪ್ಯಾಲೇಸ್ ಪಾರ್ಕಿನಲ್ಲಿ 1854ರ ಡೈನೋಸಾರ್ ಪ್ರತಿಮೆಗಳಿವೆ, ಗ್ರೇಡ್ ಒನ್ ಪಟ್ಟಿಯಲ್ಲಿ, ಅಂದರೆ ಕಾನೂನಿನ ರಕ್ಷಣೆಯಿರುವ ಹಳೇ ಕಟ್ಟಡ, ರಚನೆಗಳ ಅತಿ ಮೇಲಿನ ದರ್ಜೆಯಲ್ಲಿ. 2020ರಲ್ಲಿ ಒಂದರ ಮೂತಿಯೇ ಉದುರಿಬಿತ್ತು. ಸಿಮೆಂಟ್ ಕಲಸಿ ಮೆತ್ತುವ ಹಾಗಿಲ್ಲ. ತಜ್ಞರು ಬೇಕು, ಅನುಮತಿ ಬೇಕು, ದುಡ್ಡು ಬೇಕು, ಅಲ್ಲಿಯವರೆಗೆ ಬಂದವರಿಗೆಲ್ಲ ಉತ್ತರ ಹೇಳುವ ತಾಳ್ಮೆ ಬೇಕು. (ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಮಾದರಿ ಈ ಪಾರ್ಕಿಗೆ ಹೆಸರು ಕೊಟ್ಟ ಗಾಜಿನ ಕಟ್ಟಡ ಕ್ರಿಸ್ಟಲ್ ಪ್ಯಾಲೇಸ್. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರ ನವೆಂಬರ್ 30ರಂದು. ಇಲ್ಲಿನ ಆ ಗಾಜಿನ ಕಟ್ಟಡ ಸುಟ್ಟುಹೋದದ್ದು 1936ರ ನವೆಂಬರ್ 30ರಂದು. ಇಲ್ಲಿಯವರಿಗೆ ಹೇಳಿದರೆ ನಂಬುವುದೇ ಇಲ್ಲ.)

ಸಂಬಳ ಬಚ್ಚಿಡಬೇಡಿ

ಖಜಾಂಚಿಯ ಮಾತು ಇದು. ಜಾಹೀರಾತಿನಲ್ಲಿ "ಆಕರ್ಷಕ ಸಂಬಳ" ಎಂದು ಬರೆದರೆ ಓದುವವರಿಗೆ ಕಡಿಮೆ ಎಂದೇ ಅರ್ಥ. ಅಂಕಿ ಹಾಕಿ.

ಎಷ್ಟು ಹಾಕುವುದು? ನಿಮ್ಮಷ್ಟೇ ವರಮಾನವಿರುವ ನಾಲ್ಕೈದು ಚಾರಿಟಿಗಳ ಲೆಕ್ಕ ತೆಗೆದು ನೋಡಿ. ಚಾರಿಟಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಚಾರಿಟಿ ಕಮಿಷನ್‌ನ ರಿಜಿಸ್ಟರಿನಲ್ಲಿ ಪುಕ್ಕಟೆ ಸಿಗುತ್ತವೆ. ದೊಡ್ಡ ಸಂಸ್ಥೆಗಳ ಲೆಕ್ಕದಲ್ಲಿ 60,000 ಪೌಂಡ್ ದಾಟಿದ ಸಂಬಳಗಳನ್ನು ಹತ್ತು ಹತ್ತು ಸಾವಿರದ ಹಂತಗಳಲ್ಲಿ ತೋರಿಸಿರುತ್ತಾರೆ. ಅದನ್ನು ಬಿಟ್ಟು ಯಾರೋ ಹೇಳಿದ ಅಂಕಿ ಹಿಡಿದುಕೊಳ್ಳಬೇಡಿ.

ಸಂಬಳದ ಮೇಲಿನ ಖರ್ಚನ್ನೂ ಕೂಡಿಸಿ. ಏಪ್ರಿಲ್ 2025ರಿಂದ ಸಂಬಳದಲ್ಲಿ ವರ್ಷಕ್ಕೆ 5,000 ಪೌಂಡ್ ದಾಟಿದ ಭಾಗಕ್ಕೆ ಮಾಲೀಕರು 15% ನ್ಯಾಷನಲ್ ಇನ್ಶೂರೆನ್ಸ್ (ಸರ್ಕಾರದ ಸಾಮಾಜಿಕ ಭದ್ರತೆಯ ವಂತಿಗೆ) ಕಟ್ಟಬೇಕು. ಅಂದರೆ 60,000ದ ಹುದ್ದೆಗೆ 8,250 ಪೌಂಡ್ ಹೆಚ್ಚು. ಪೆನ್ಷನ್ ಬೇರೆ. ಇದರಲ್ಲಿ ಮಾಲೀಕರಿಗೆ ಸಿಗುವ ರಿಯಾಯಿತಿ ನಮ್ಮ ತೋಟಗಾರರ ಸಂಬಳಕ್ಕೇ ಮುಗಿದುಹೋಗುತ್ತದೆ. ಈ ದುಡ್ಡು ಮೂರು ವರ್ಷದ ಯಾವುದೋ ಅನುದಾನದಿಂದ ಬರುತ್ತಿದ್ದರೆ, ಅದನ್ನೂ ಅಭ್ಯರ್ಥಿಗಳಿಗೆ ಬಾಯಿಬಿಟ್ಟು ಹೇಳಿ. ಮನೆ ಬದಲಾಯಿಸಿಕೊಂಡು ಬರುವವರಿಗೆ ಅದು ಗೊತ್ತಿರಬೇಕಲ್ವಾ?

ಹೆಡ್‌ಹಂಟರ್ ಏಜೆನ್ಸಿಗೆ ಕೊಟ್ಟರೆ ಸಂಬಳದ ಕಾಲು ಭಾಗದಷ್ಟು ಫೀಸು ಹೋಗಬಹುದು. ನಾವು ಕೊಡಲಿಲ್ಲ. ಚಾರಿಟಿ ಕೆಲಸಗಳ ವೆಬ್‌ಸೈಟ್, ತೋಟಗಾರಿಕೆಯ ವಾರಪತ್ರಿಕೆ, ಪಾರ್ಕಿನ ಐದೂ ಗೇಟುಗಳ ನೋಟಿಸ್ ಬೋರ್ಡ್, ಇಷ್ಟೇ. ಗೇಟಿನ ಬೋರ್ಡಿನಿಂದ ಒಳ್ಳೆಯ ಅರ್ಜಿಗಳು ಬಂದವು.

ಒಂದು ಎಚ್ಚರಿಕೆ. ಟ್ರಸ್ಟಿಗಳಲ್ಲೇ ಯಾರಿಗಾದರೂ ಆ ಕುರ್ಚಿಯ ಮೇಲೆ ಕಣ್ಣಿರಬಹುದು. ಇದ್ದರೆ ಮೊದಲ ದಿನವೇ ಹೇಳಲಿ, ಆಯ್ಕೆಯ ಮಾತುಕತೆಯಿಂದ ಪೂರ್ತಿ ಹೊರಗೆ ಇರಲಿ. ಟ್ರಸ್ಟಿಯೊಬ್ಬರು ಸಂಬಳದ ನೌಕರರಾಗುವುದಕ್ಕೆ ಕಾನೂನಿನ ಅಡ್ಡಿಗಳಿವೆ, ವಕೀಲರನ್ನು ಕೇಳದೆ ಮುಂದೆ ಹೋಗಬೇಡಿ.

ಅರ್ಜಿಯಲ್ಲಿ ಮೂರೇ ಪ್ರಶ್ನೆ

ಕವರ್ ಲೆಟರ್ ಬೇಡ ಎಂದೆವು. ಈಗ ಎಲ್ಲ ಪತ್ರಗಳೂ ಒಂದೇ ಮೆಷೀನಿನಿಂದ ಬಂದ ಹಾಗಿರುತ್ತವೆ, ನಿಜವಾಗಿಯೂ ಬಂದಿರುತ್ತವೆ. ಅದರ ಬದಲು ಮೂರು ಪ್ರಶ್ನೆ. ಯಾರಿಗಾದರೂ "ಇಲ್ಲ" ಎಂದು ಹೇಳಿ ಆಮೇಲೂ ಅವರ ಜೊತೆಗೇ ಕೆಲಸ ಮಾಡಿದ ಒಂದು ಸಂದರ್ಭ ಬರೆಯಿರಿ. ಇರುವ ದುಡ್ಡಿನಲ್ಲಿ ಆಗದೇ ಹೋದ ಒಂದು ಕೆಲಸವನ್ನು ಹೇಗೆ ನಿಭಾಯಿಸಿದಿರಿ ಹೇಳಿ. ಮೂರನೆಯದು, ಸುಮ್ನೆ ಒಂದು ದಿನ ಪಾರ್ಕಿಗೆ ಬಂದು ನೋಡಿದ್ದನ್ನು ಮುನ್ನೂರು ಪದಗಳಲ್ಲಿ ಬರೆಯಿರಿ. ದೂರದವರಿಗೆ ರೈಲು ಚಾರ್ಜು ನಾವೇ ಕೊಟ್ಟೆವು.

ಮೂರನೆಯ ಪ್ರಶ್ನೆ ಜರಡಿ ಹಿಡಿಯಿತು. ಒಬ್ಬರು ಕಲ್ಲಿನ ಕಾರಂಜಿಯ ನೀರಿನ ಸದ್ದನ್ನು ಹೊಗಳಿ ಬರೆದಿದ್ದರು. ಆ ಕಾರಂಜಿಯಲ್ಲಿ ನೀರು ಬಂದು ಎಷ್ಟೋ ಕಾಲವಾಗಿದೆ. ಇನ್ನೊಬ್ಬರು ಶೌಚಾಲಯದ ಬಾಗಿಲಿಗೆ ಅಂಟಿಸಿದ ಮೂರು ಬೇರೆ ಬೇರೆ ನೋಟಿಸುಗಳನ್ನು ಓದಿ, ಯಾವುದು ನಿಜ ಎಂದು ಕೇಳಿದ್ದರು. ಅವರನ್ನು ತಕ್ಷಣ ಇಂಟರ್‌ವ್ಯೂಗೆ ಕರೆದೆವು.

ಇಂಟರ್‌ವ್ಯೂ ಹೊರಗೆ ಮಾಡಿ

ನಮ್ಮದು ಫೆಬ್ರವರಿಯಲ್ಲಿ ನಡೆಯಿತು. ಜಿನುಗು ಮಳೆ, ಕೆಸರು, ಬೋಳು ಮರ. ಜೂನ್ ತಿಂಗಳಲ್ಲಿ ಯಾವ ಪಾರ್ಕ್ ನೋಡಿದರೂ ಪ್ರೀತಿ ಬರುತ್ತದೆ. ಫೆಬ್ರವರಿಯಲ್ಲಿ ಸೋರುವ ಚಾವಣಿ, ನಿಂತ ನೀರು, ಬಿರುಕು ಬಿಟ್ಟ ಮೆಟ್ಟಿಲು ಎಲ್ಲ ಕಾಣುತ್ತದೆ.

ಮೊದಲು ಹೆಡ್ ಗಾರ್ಡನರ್ ಜೊತೆ ಒಂದು ಸುತ್ತು. ಟ್ರಸ್ಟಿಗಳು ಯಾರೂ ಹಿಂದೆ ಹೋಗಬಾರದು. ಹೆಣ್ಣು ನೋಡಲು ಬಂದ ಗಂಡು ಹೇಗೆಂದು ತಿಳಿಯಬೇಕಾದರೆ, ಅವನು ಕಾಫಿ ತಂದುಕೊಟ್ಟ ಕೆಲಸದವರ ಹತ್ತಿರ ಹೇಗೆ ಮಾತಾಡಿದ ನೋಡು ಎನ್ನುತ್ತಿದ್ದರು ನಮ್ಮಜ್ಜಿ. ಇದೂ ಹಾಗೇ. ವಾಪಸ್ ಬಂದ ಮೇಲೆ ಹೆಡ್ ಗಾರ್ಡನರ್‌ಗೆ ನಾವು ಕೇಳಿದ್ದು, "ಅವರು ನಿಮ್ಮನ್ನು ಏನು ಕೇಳಿದರು?" ಎಂದು ಮಾತ್ರ. ಒಬ್ಬ ಅಭ್ಯರ್ಥಿ ದಾರಿಯುದ್ದಕ್ಕೂ ತಮ್ಮ ಬಗ್ಗೆಯೇ ಹೇಳಿಕೊಂಡಿದ್ದರಂತೆ. ಇನ್ನೊಬ್ಬರು ಚಳಿಗಾಲದಲ್ಲಿ ಗೇಟು ಹಾಕುವವರು ಯಾರು, ಕತ್ತಲಲ್ಲಿ ಒಬ್ಬರೇ ಹೋಗುತ್ತಾರಾ ಎಂದು ಕೇಳಿದ್ದರು. ಅಷ್ಟೂ ವರ್ಷಗಳಲ್ಲಿ ಟ್ರಸ್ಟಿಗಳು ಯಾರೂ ಅದನ್ನು ಕೇಳಿರಲಿಲ್ಲ ಎಂದು ಹೆಡ್ ಗಾರ್ಡನರ್ ಚುಚ್ಚಿದ್ದೂ ಆಯಿತು.

ಆಮೇಲೆ ಒಂದು ನಾಟಕ. ಬೇಸಿಗೆಯಲ್ಲಿ ಮೂರು ದಿನ ಸಂಗೀತ ಕಾರ್ಯಕ್ರಮ, ಮೈದಾನಕ್ಕೆ ಬೇಲಿ ಹಾಕಬೇಕು, ಅಕ್ಕಪಕ್ಕದವರನ್ನು ಕರೆದು ಸಭೆ ಮಾಡುತ್ತಿದ್ದೀರಿ ಎಂದು ಹೇಳಿದೆವು. ನಾವೇ ಅಕ್ಕಪಕ್ಕದವರಾಗಿ ಕೂತೆವು. ನನ್ನದು ನಾಯಿ ಸುತ್ತಾಡಿಸುವ ಸಿಡುಕು ಹೆಂಗಸಿನ ಪಾತ್ರ. ನಟಿಸುವ ಕಷ್ಟವೇನೂ ಬರಲಿಲ್ಲ. "ನಿಮ್ಮ ಅಭಿಪ್ರಾಯ ನಮಗೆ ಮುಖ್ಯ" ಎಂದು ನಗುತ್ತಾ ಹೇಳಿದವರಿಗೆ ಅಂಕ ಕಡಿಮೆ. ಒಬ್ಬರು ಮಾತ್ರ ಹೀಗೆಂದರು: "ಕಾರ್ಯಕ್ರಮ ನಿಲ್ಲಿಸುವುದಿಲ್ಲ, ಅದರ ದುಡ್ಡಿಲ್ಲದೆ ಇಬ್ಬರು ತೋಟಗಾರರನ್ನು ಮನೆಗೆ ಕಳಿಸಬೇಕಾಗುತ್ತದೆ. ಬೇಲಿ ಯಾವ ದಿನ ಬರುತ್ತದೆ, ಯಾವ ದಿನ ಹೋಗುತ್ತದೆ ಎಂದು ಬರೆದು ಕೊಡುತ್ತೇನೆ. ತಪ್ಪಿದರೆ ನನಗೇ ಫೋನ್ ಮಾಡಿ."

ಮೂರನೆಯದು ನನ್ನ ಪಾಲಿನದು. ಒಂದು ಪುಟದ ಲೆಕ್ಕ ಕೊಟ್ಟು, ಇಲ್ಲಿ ನಿಮಗೆ ನಿದ್ದೆ ಕೆಡಿಸುವ ಅಂಕಿ ಯಾವುದು ಎಂದು ಕೇಳುತ್ತೇನೆ. ಚಾರಿಟಿಯ ದುಡ್ಡಿನಲ್ಲಿ ಎರಡು ಬಗೆ: ಯಾವ ಕೆಲಸಕ್ಕಾದರೂ ಬಳಸಬಹುದಾದದ್ದು, ಒಂದೇ ಕೆಲಸಕ್ಕೆಂದು ಕೊಟ್ಟದ್ದು. ಬ್ಯಾಂಡ್‌ಸ್ಟ್ಯಾಂಡ್ ರಿಪೇರಿಗೆಂದು ಯಾರೋ ಕೊಟ್ಟದ್ದು ಬ್ಯಾಂಡ್‌ಸ್ಟ್ಯಾಂಡಿಗೇ ಹೋಗಬೇಕು, ಅದರಿಂದ ಸಂಬಳ ಕೊಡುವಂತಿಲ್ಲ. ನಾನು ಕೊಟ್ಟ ಪುಟದಲ್ಲಿ ಬ್ಯಾಂಕಿನಲ್ಲಿ ಸಾಕಷ್ಟು ದುಡ್ಡು ಕಾಣುತ್ತದೆ, ಆದರೆ ಹೆಚ್ಚಿನದು ಹೀಗೆ ಕಟ್ಟಿಹಾಕಿದ ದುಡ್ಡು. "ಪರವಾಗಿಲ್ಲ, ಚೆನ್ನಾಗಿಯೇ ಇದೆ" ಎಂದವರನ್ನು ನಾನು ಮುಂದಕ್ಕೆ ಬಿಡುವುದಿಲ್ಲ. ಲೆಕ್ಕದ ಪಾಂಡಿತ್ಯ ಬೇಕಿಲ್ಲ, "ಇದರಲ್ಲಿ ಖರ್ಚು ಮಾಡಲು ಎಷ್ಟಿದೆ?" ಎಂದು ಕೇಳಿದರೆ ಸಾಕು.

ಕೊನೆಗೆ ನಾವು ಆರಿಸಿಕೊಂಡವರು, ಅವರ ಒಪ್ಪಿಗೆ ಪಡೆದೇ ಹೇಳುತ್ತೇನೆ, ಒಂದು ಕೌನ್ಸಿಲ್‌ನ ಸ್ಮಶಾನಗಳನ್ನು ನೋಡಿಕೊಳ್ಳುತ್ತಿದ್ದವರು. ಬಸವನಗುಡಿಯಲ್ಲಿರುವ ನಮ್ಮಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಅಯ್ಯೋ, ಮಕ್ಕಳು ಆಡೋ ಜಾಗಕ್ಕೆ ಸ್ಮಶಾನದವರಾ?" ಎಂದರು. ಯೋಚಿಸಿ ನೋಡಿದರೆ ಅದರಷ್ಟು ಹತ್ತಿರದ ಕೆಲಸ ಬೇರೆ ಇಲ್ಲ. ಹಳೇ ಮರ, ಪಟ್ಟಿಯಲ್ಲಿರುವ ಹಳೇ ಕಟ್ಟಡ, ದಿನಾ ಗೇಟು ತೆಗೆದು ಹಾಕುವುದು, ಸಾಕಾಗದ ಬಜೆಟ್. ಜೊತೆಗೆ, ದುಃಖದಲ್ಲಿರುವ ಮನೆಯವರಿಗೆ ಇಲ್ಲಿ ಇಷ್ಟು ಎತ್ತರದ ಕಲ್ಲು ನಿಲ್ಲಿಸುವಂತಿಲ್ಲ ಎಂದು ಹೇಳಿ ಅಭ್ಯಾಸವಿರುವವರು. ಶೌಚಾಲಯದ ನೋಟಿಸ್ ಓದಿದವರೂ ಇವರೇ.

ಕಾಗದಪತ್ರ

ಇದನ್ನು ಬೇಗ ಮುಗಿಸುತ್ತೇನೆ. ಈ ದೇಶದಲ್ಲಿ ಕೆಲಸ ಮಾಡುವ ಹಕ್ಕಿದೆಯೇ ಎಂದು ಎಲ್ಲರಿಗೂ ಒಂದೇ ರೀತಿ ತಪಾಸಣೆ ಮಾಡಿ, ಹೆಸರು ನೋಡಿ ಮಾಡಬೇಡಿ. ಹಳೇ ಕಡೆಯ ರೆಫರೆನ್ಸ್ ತೆಗೆದುಕೊಳ್ಳಿ, ಸಾಧ್ಯವಾದರೆ ಫೋನಿನಲ್ಲಿ. ಕೆಲಸ ಕೊಡುವ ಮೊದಲು ಆರೋಗ್ಯದ ಬಗ್ಗೆ ಕೇಳುವುದನ್ನು 2010ರ ಈಕ್ವಾಲಿಟಿ ಆಕ್ಟ್ ಬಹುಪಾಲು ತಡೆಯುತ್ತದೆ. ಇಂಟರ್‌ವ್ಯೂನಲ್ಲಿ ನಡೆಯಲು ಕಷ್ಟವಾಗುವವರಿದ್ದರೆ ಸುತ್ತಾಟದ ದಾರಿ ಬದಲಿಸಿ ಎಂದು ಮುಂಚೆಯೇ ಹೇಳಲು ಅವಕಾಶ ಕೊಡಿ. ಆಗಸ್ಟ್ 1, 2018ರಿಂದ ಚಾರಿಟಿಯ ಮುಖ್ಯಸ್ಥರಿಗೂ ಹಣಕಾಸಿನ ಮುಖ್ಯಸ್ಥರಿಗೂ ಅನರ್ಹತೆಯ ನಿಯಮ ಅನ್ವಯಿಸುತ್ತದೆ: ದಿವಾಳಿಯಾಗಿರುವವರು, ಕೆಲವು ಬಗೆಯ ಅಪರಾಧಗಳಲ್ಲಿ ಶಿಕ್ಷೆಯಾದವರು ಆ ಕುರ್ಚಿಯಲ್ಲಿ ಕೂರುವಂತಿಲ್ಲ. ಸಹಿ ಮಾಡಿದ ಘೋಷಣೆ ಪಡೆದು ಫೈಲಿಗೆ ಸೇರಿಸಿ.

ಆಯ್ಕೆಯಾದವರು ಸಹಿ ಹಾಕುವವರೆಗೆ ಎರಡನೆಯವರಿಗೆ "ಇಲ್ಲ" ಎನ್ನಬೇಡಿ, ಆದರೆ ವಾರಗಟ್ಟಲೆ ಕಾಯಿಸಲೂ ಬೇಡಿ. ವಿಷಯ ಇದ್ದ ಹಾಗೇ ಹೇಳಿ. ಹಳೇ ಕೆಲಸದ ನೋಟಿಸ್ ಮೂರು ತಿಂಗಳಿರುವುದು ಮಾಮೂಲಿ. ಅಷ್ಟು ದಿನ ಯಾರು ಸಹಿ ಹಾಕುತ್ತಾರೆ, ಮರ ಬಿದ್ದರೆ ಯಾರಿಗೆ ಫೋನು ಎಂದು ಬರೆದಿಡಿ. ಹೊಸಬರು ಬಂದ ಮೊದಲ ವಾರ ಅವರ ಕ್ಯಾಲೆಂಡರಿನಲ್ಲಿ ಮೀಟಿಂಗ್ ತುಂಬಬೇಡಿ. ನಮ್ಮವರು ಬೆಳಿಗ್ಗೆ ಕಸದ ಗಾಡಿಯ ಜೊತೆ, ಸಂಜೆ ಗೇಟು ಹಾಕುವವರ ಜೊತೆ ಸುತ್ತಿದರು. ಯಾರೂ ಹೇಳಿರಲಿಲ್ಲ, ತಾವಾಗೇ ಕೇಳಿ ಹೋದರು. ಚೇರ್‌ಮನ್ ತಿಂಗಳಿಗೊಮ್ಮೆ ಅವರೊಬ್ಬರ ಜೊತೆ ಕೂತು ಮಾತಾಡುತ್ತಾರೆ. ಪ್ರೊಬೇಷನ್ ಆರು ತಿಂಗಳು, ಮೂರನೇ ತಿಂಗಳಲ್ಲೇ ಬರೆದು ಕೊಡುವ ಒಂದು ವಿಮರ್ಶೆ.

ಇಂಟರ್‌ವ್ಯೂ ತನಕ ಬಂದು ಆಯ್ಕೆಯಾಗದವರಿಗೆ ಇಮೇಲ್ ಸಾಲದು, ಫೋನ್ ಮಾಡಿ. ಏನು ಕಡಿಮೆಯಾಯಿತು ಎಂದು ನೇರವಾಗಿ ಹೇಳಿ. ನಾನು ಫೋನ್ ಮಾಡಿದವರಲ್ಲಿ ಒಬ್ಬರು ಈಗ ನಮ್ಮ ಟ್ರಸ್ಟಿ, ಹೋದ ತಿಂಗಳ ಸಭೆಯಲ್ಲಿ ನನ್ನ ಬಜೆಟ್ಟಿನಲ್ಲೇ ತಪ್ಪು ಹುಡುಕಲು ಹೊರಟಿದ್ದರು.