ಟಿವಿಗೂ ಮೊದಲು ಗೋಡೆಗೆ ಪೇಪರ್ ಅಂಟಿಸಿದೆ

ಒಂದು ವಾರ ನಮ್ಮ ಹಾಲ್‌ನ ಗೋಡೆ ಮೇಲೆ ಟಿವಿ ಇರಬೇಕಾದ ಜಾಗದಲ್ಲಿ ಹಳೇ ಪೇಪರ್ ಇತ್ತು. ನಾಲ್ಕಾರು ಹಾಳೆ ಜೋಡಿಸಿ, 122 ಸೆಂಟಿಮೀಟರ್ ಅಗಲ, 69 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ, ಟೇಪ್ ಹಾಕಿ ಅಂಟಿಸಿದ್ದೆ. 55 ಇಂಚಿನ ಟಿವಿಯ ಪರದೆ ಹೆಚ್ಚುಕಮ್ಮಿ ಇಷ್ಟಿರುತ್ತದೆ. ಮನೆಗೆ ಬಂದವರೆಲ್ಲ "ಇದೇನಿದು?" ಅಂತ ಕೇಳುತ್ತಿದ್ದರು. "ಹೊಸ ಟಿವಿ" ಅನ್ನುತ್ತಿದ್ದೆ.

ಈ ಹುಚ್ಚಾಟಕ್ಕೆ ಕಾರಣ ಹಿಂದಿನ ಸಲ ತಿಂದ ಪೆಟ್ಟು. ಆಗ ನಮ್ಮ 29 ಇಂಚಿನ ಡಬ್ಬಾ ಟಿವಿ ಕೆಟ್ಟಿತ್ತು. 32 ಇಂಚಿನ ಫ್ಲಾಟ್ ಟಿವಿ ತಂದೆ. ಮೂರು ಇಂಚು ಜಾಸ್ತಿ ಆಯಿತಲ್ಲ ಅಂತ ಹೆಮ್ಮೆ ಬೇರೆ. ಆನ್ ಮಾಡಿ ಹತ್ತು ನಿಮಿಷ ಆಗಿರಲಿಲ್ಲ, ಅಮ್ಮ ಅಂದಳು: "ದೊಡ್ಡ ಟಿವಿ ಅಂದೆ. ಇದರಲ್ಲಿ ಎಲ್ಲರೂ ಚಿಕ್ಕವರಾಗಿ ಕಾಣ್ತಾರಲ್ಲೋ!"

ನಕ್ಕು ಸುಮ್ಮನಾದೆ. ಆಮೇಲೆ ಟೇಪ್ ಹಿಡಿದು ಅಳೆದರೆ ಅಮ್ಮ ಹೇಳಿದ್ದೇ ಸರಿ. ಟಿವಿಯ ಇಂಚು ಅಂದರೆ ಒಂದು ಮೂಲೆಯಿಂದ ಎದುರು ಮೂಲೆಗೆ ಇರುವ ಅಳತೆ. ಹಳೇ ಡಬ್ಬದ ಆಕಾರ, ಅಂದರೆ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ, 4:3. ಹೊಸದು 16:9. 32 ಇಂಚಿನ ಹೊಸ ಪರದೆಯ ಎತ್ತರ ಬರೀ 40 ಸೆಂಟಿಮೀಟರ್. ಡಬ್ಬದ್ದು ಅದಕ್ಕಿಂತ ಎತ್ತರ ಇತ್ತು. ಅಮ್ಮ ನೋಡುತ್ತಿದ್ದ ಚಾನೆಲ್ ಇನ್ನೂ ಹಳೇ ಆಕಾರದಲ್ಲೇ ಬರುತ್ತಿತ್ತು. ಎರಡೂ ಕಡೆ ಕಪ್ಪು ಪಟ್ಟಿ ಬಿಟ್ಟು ಉಳಿದ ಚಿತ್ರ 26 ಇಂಚಿನ ಟಿವಿಗೆ ಸಮ. ಅಂದರೆ ನಾನು ದುಡ್ಡು ಕೊಟ್ಟು ಚಿತ್ರವನ್ನು ಚಿಕ್ಕದು ಮಾಡಿಕೊಂಡು ಬಂದಿದ್ದೆ.

ಇನ್ನೊಂದು ವಿಷಯ ಹೇಳೋಕೂ ನಾಚಿಕೆ. ಆ ಟಿವಿಗೂ ಸೆಟ್‌ಟಾಪ್ ಬಾಕ್ಸಿಗೂ ನಡುವೆ ಒಂದು ವರ್ಷ ಹಳೇ ಹಳದಿ, ಕೆಂಪು, ಬಿಳಿ ವೈರನ್ನೇ ಹಾಕಿದ್ದೆ. ಆ ಹಳದಿ ವೈರಿನಲ್ಲಿ ಎಚ್‌ಡಿ ಚಿತ್ರ ಹೋಗುವುದೇ ಇಲ್ಲ. ಕೆಂಪು, ಬಿಳಿ ಬರೀ ಶಬ್ದಕ್ಕೆ. ಎಚ್‌ಡಿ ಟಿವಿ, ಎಚ್‌ಡಿ ಬಾಕ್ಸ್, ಎಚ್‌ಡಿ ಚಾನೆಲ್ ಎಲ್ಲಾ ಇಟ್ಟುಕೊಂಡು ವರ್ಷವಿಡೀ ಮಸುಕು ಚಿತ್ರ ನೋಡಿದೆವು. ನೆಂಟರ ಹುಡುಗನೊಬ್ಬ ಬಂದು ಎಚ್‌ಡಿಎಂಐ ವೈರ್ ಚುಚ್ಚಿದ ದಿನ ಕನ್ನಡಕ ಬದಲಾಯಿಸಿದ ಹಾಗಾಯಿತು.

ಅದಕ್ಕೇ ಈ ಸಲ ಅಂಗಡಿಗೆ ಹೋಗುವ ಮೊದಲು ಮನೆಯನ್ನು ಅಳೆದೆ. ಸೋಫಾದಲ್ಲಿ ಕೂತಾಗ ಕಣ್ಣಿಂದ ಗೋಡೆಗೆ 9 ಅಡಿ, ಅಂದರೆ 275 ಸೆಂಟಿಮೀಟರ್. ಸಿನಿಮಾ ನೋಡುವವರಿಗೆ ಒಂದು ಲೆಕ್ಕ ಇದೆ: ಪರದೆ ಕಣ್ಣಿನ ಮುಂದೆ ಸುಮಾರು 30 ಡಿಗ್ರಿ ಅಗಲ ತುಂಬಬೇಕು. ಹಾಗಾಗಬೇಕಾದರೆ ಪರದೆಯ ಕರ್ಣದ ಸುಮಾರು 1.6 ಪಟ್ಟು ದೂರದಲ್ಲಿ ಕೂರಬೇಕು. ನಮ್ಮ 9 ಅಡಿಗೆ ಅದು 67 ಇಂಚಿಗೆ ಬಂತು! ಸರಿ, 65 ಇಂಚಿನದೇ ನೋಡೋಣ ಅಂತ 144 ಸೆಂಟಿಮೀಟರ್ ಅಗಲದ ಪೇಪರ್ ಅಂಟಿಸಿದೆ. ಕಿಟಕಿಯ ಚೌಕಟ್ಟಿನ ಮೇಲೆ ಹತ್ತಿತು. 43 ಇಂಚಿನದು ಅಂಟಿಸಿದರೆ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿದ ಹಾಗೆ ಕಂಡಿತು. 43ಕ್ಕೂ 55ಕ್ಕೂ ಬರೀ 12 ಇಂಚು ಅಂತ ಅನಿಸುತ್ತದೆ, ಅಲ್ವಾ? ಪರದೆಯ ವಿಸ್ತೀರ್ಣದಲ್ಲಿ ಅದು ಒಂದೂವರೆ ಪಟ್ಟಿಗಿಂತ ಜಾಸ್ತಿ. ಪೇಪರ್ ಅಂಟಿಸಿ ನೋಡದೆ ಇದು ತಲೆಗೆ ಹತ್ತುವುದಿಲ್ಲ. ಕೊನೆಗೆ 55ರ ಪೇಪರ್ ಉಳಿಯಿತು. ವಾರದಲ್ಲಿ ಯಾರಿಗೂ ಅದು ದೊಡ್ಡದು ಅನಿಸಲಿಲ್ಲ.

ಆಮೇಲೆ ಬಂತು 4ಕೆ ಪ್ರಶ್ನೆ, ಅಂದರೆ ಪರದೆಯಲ್ಲಿ ಚಿತ್ರ ಮೂಡಿಸುವ ಚುಕ್ಕೆ ಎಷ್ಟಿರಬೇಕು ಅನ್ನುವುದು. ಪೆಟ್ಟಿಗೆ ಮೇಲೆ 'ಎಚ್‌ಡಿ ರೆಡಿ' ಅಂತಿದ್ದರೆ ಸಾಮಾನ್ಯವಾಗಿ 1366×768 ಚುಕ್ಕೆ, ಸುಮಾರು ಹತ್ತೂವರೆ ಲಕ್ಷ. ಫುಲ್ ಎಚ್‌ಡಿ ಅಂದರೆ 1920×1080, ಇಪ್ಪತ್ತು ಲಕ್ಷದ ಮೇಲೆ. 4ಕೆ ಅಂದರೆ 3840×2160, ಸುಮಾರು 83 ಲಕ್ಷ. ಕೇಳೋಕೆ ಭಾರಿ ಅನಿಸುತ್ತದೆ. ಆದರೆ ಕಣ್ಣಿಗೂ ಒಂದು ಮಿತಿ ಇದೆಯಲ್ಲ. ಚೆನ್ನಾಗಿರುವ ಕಣ್ಣು ಒಂದು ಡಿಗ್ರಿಯ 60ರಲ್ಲಿ ಒಂದು ಭಾಗದಷ್ಟು ಸಣ್ಣದನ್ನು ಗುರುತಿಸುತ್ತದೆ. ಆ ಲೆಕ್ಕದಲ್ಲಿ 55 ಇಂಚಿನ ಫುಲ್ ಎಚ್‌ಡಿ ಪರದೆಯ ಚುಕ್ಕೆಗಳು 7 ಅಡಿ ಆಚೆ ಹೋದರೆ ಬೇರೆ ಬೇರೆಯಾಗಿ ಕಾಣುವುದಿಲ್ಲ. ನಾವು ಕೂರುವುದು 9 ಅಡಿಯಲ್ಲಿ. ಅಂದರೆ 4ಕೆಯ ಜಾಸ್ತಿ ಚುಕ್ಕೆಗಳು ನಮ್ಮ ಸೋಫಾ ತನಕ ತಲುಪುವುದೇ ಇಲ್ಲ. ಆದರೂ 4ಕೆಯನ್ನೇ ತಂದೆ. ಯಾಕೆಂದರೆ ಈ ಸೈಜಿನಲ್ಲಿ ಫುಲ್ ಎಚ್‌ಡಿ ಈಗ ಸಿಗುವುದೇ ಕಷ್ಟ, ಒಳ್ಳೆಯ ಬಣ್ಣ, ಒಳ್ಳೆಯ ಬೆಳಕು ಎಲ್ಲಾ 4ಕೆ ಟಿವಿಗಳಿಗೇ ಹಾಕುತ್ತಾರೆ. 8ಕೆ ಕಡೆ ತಿರುಗಿಯೂ ನೋಡಲಿಲ್ಲ.

ಚುಕ್ಕೆಗಳಿಗಿಂತ ನನಗೆ ಜಾಸ್ತಿ ತಲೆ ತಿಂದದ್ದು ಪ್ಯಾನಲ್, ಅಂದರೆ ಚಿತ್ರ ಮೂಡುವ ಪರದೆಯ ಜಾತಿ. ಆ 32 ಇಂಚಿನ ಟಿವಿಯಲ್ಲಿ ನೇರ ಕೂತರೆ ಚಿತ್ರ ಚೆನ್ನಾಗಿತ್ತು, ಪಕ್ಕಕ್ಕೆ ಸರಿದರೆ ಬಣ್ಣವೆಲ್ಲ ತೊಳೆದ ಹಾಗೆ ಪೇಲವ. ಅಮ್ಮ ಕೂರುವುದು ಕಿಟಕಿ ಪಕ್ಕದ ಕುರ್ಚಿಯಲ್ಲಿ, ಟಿವಿಗೆ ಪೂರ್ತಿ ಓರೆ. ಅವಳು ಅಷ್ಟು ವರ್ಷ ಪೇಲವ ಚಿತ್ರ ನೋಡಿದ್ದಳು, ಒಂದು ಮಾತು ಆಡಿರಲಿಲ್ಲ.

ಎಲ್‌ಇಡಿ ಟಿವಿ ಅಂತ ನಾವು ಕರೆಯುವುದು ನಿಜವಾಗಿ ಎಲ್‌ಸಿಡಿ. ಹಿಂದೆ ಎಲ್‌ಇಡಿ ದೀಪ, ಮುಂದೆ ಆ ಬೆಳಕನ್ನು ಬಿಡುವ, ತಡೆಯುವ ಪರದೆ. ಅದರಲ್ಲಿ ಮುಖ್ಯವಾಗಿ ಎರಡು ಜಾತಿ. ವಿಎ ಪ್ಯಾನಲ್‌ನಲ್ಲಿ ಕಪ್ಪು ಚೆನ್ನಾಗಿ ಕಪ್ಪಾಗುತ್ತದೆ. ಬಿಳಿಗೂ ಕಪ್ಪಿಗೂ ಅಂತರ 3000ಕ್ಕೆ ಒಂದು, ಕೆಲವದರಲ್ಲಿ ಇನ್ನೂ ಜಾಸ್ತಿ. ಆದರೆ ಓರೆಯಿಂದ ನೋಡಿದರೆ ಸೊಗಸಿಲ್ಲ. ಐಪಿಎಸ್‌ನಲ್ಲಿ ಓರೆಯಿಂದಲೂ ಬಣ್ಣ ನಿಲ್ಲುತ್ತದೆ, ಆದರೆ ಅಂತರ ಸುಮಾರು 1000ಕ್ಕೆ ಒಂದು. ಕತ್ತಲ ಕೋಣೆಯಲ್ಲಿ ಕಪ್ಪು ಬೂದಿ ಬಣ್ಣವಾಗಿ ಕಾಣುತ್ತದೆ. ಕ್ಯೂಎಲ್‌ಇಡಿ ಅಂತ ಬರೆದಿದ್ದರೂ ಅದು ಎಲ್‌ಸಿಡಿಯೇ. ಬಣ್ಣ ಚೊಕ್ಕವಾಗಲಿ ಅಂತ ಒಳಗೆ ಇನ್ನೊಂದು ಪದರ ಇರುತ್ತದೆ ಅಷ್ಟೆ. ಹೆಸರಿನಲ್ಲಿ ಅದಕ್ಕೆ ಹತ್ತಿರ ಇದ್ದರೂ ಓಎಲ್‌ಇಡಿ ಬೇರೆಯೇ ವಸ್ತು. ಅಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಆರಿದರೆ ಪೂರ್ತಿ ಕಪ್ಪು. ಎಲ್ಲಿಂದ ನೋಡಿದರೂ ಚೆಂದ.

ಓಎಲ್‌ಇಡಿ ಮೇಲೆ ಮನಸ್ಸಾಗಿತ್ತು, ಸುಳ್ಳು ಹೇಳುವುದಿಲ್ಲ. ಬಿಟ್ಟದ್ದು ಅಮ್ಮನ ನ್ಯೂಸ್ ಚಾನೆಲ್‌ನಿಂದ. ಬೆಳಿಗ್ಗೆ ಹಾಕಿದರೆ ರಾತ್ರಿ ತನಕ ಓಡುತ್ತದೆ. ಮೂಲೆಯಲ್ಲಿ ಅದೇ ಲೋಗೋ, ಕೆಳಗೆ ಅದೇ ಕೆಂಪು ಪಟ್ಟಿ. ಓಎಲ್‌ಇಡಿಯಲ್ಲಿ ಅಲುಗದ ಚಿತ್ರ ವರ್ಷಗಟ್ಟಲೆ ಹೀಗೆ ನಿಂತರೆ ಅದರ ನೆರಳು ಪರದೆಯಲ್ಲೇ ಉಳಿದುಬಿಡುವ ಅಪಾಯ ಇದೆ. ಸಂಜೆ ಸಿನಿಮಾ ಮಾತ್ರ ನೋಡುವ ಮನೆಯಾದರೆ ನಾನು ಕಣ್ಣು ಮುಚ್ಚಿ ಅದನ್ನೇ ತರುತ್ತಿದ್ದೆ. ನಮ್ಮ ಮನೆಗೆ ಐಪಿಎಸ್ ಅಂತ ತೀರ್ಮಾನ ಮಾಡಿದೆ. ಮಗ ಮುಖ ಊದಿಸಿದ. ಅವನಿಗೆ ರಾತ್ರಿ ಲೈಟ್ ಆರಿಸಿ ಸಿನಿಮಾ ನೋಡಬೇಕು.

ಇಷ್ಟೆಲ್ಲ ಓದಿಕೊಂಡು ಹೋದರೆ ಪೆಟ್ಟಿಗೆ ಮೇಲೆ ಎಲ್ಲೂ ಪ್ಯಾನಲ್ ಹೆಸರೇ ಇರಲಿಲ್ಲ. ಅಂಗಡಿಯ ಹುಡುಗನಿಗೂ ಗೊತ್ತಿಲ್ಲ. "ಎಲ್ಲಾ ಒಂದೇ ಸಾರ್, ಇದು ಲೇಟೆಸ್ಟ್" ಅಂದ. ಒಂದೇ ಮಾಡೆಲ್‌ನಲ್ಲಿ ಒಂದು ಸೈಜಿಗೆ ಒಂದು ಪ್ಯಾನಲ್, ಇನ್ನೊಂದು ಸೈಜಿಗೆ ಬೇರೆ ಇರುವುದೂ ಉಂಟು. ಅದಕ್ಕೇ ಕಣ್ಣಲ್ಲೇ ಪರೀಕ್ಷೆ ಮಾಡಿದೆ. ಟಿವಿಯ ಪಕ್ಕಕ್ಕೆ, ನಮ್ಮ ಅಮ್ಮನ ಕುರ್ಚಿಯಷ್ಟು ಓರೆಗೆ ಹೋಗಿ ನಿಂತೆ. ಮುಖದ ಬಣ್ಣ ಬೆಳ್ಳಗಾಗುತ್ತದಾ ಅಂತ ನೋಡಿದೆ. ನಾಲ್ಕರಲ್ಲಿ ಎರಡು ಅಲ್ಲೇ ಬಿದ್ದುಹೋದವು.

ಅಂಗಡಿಯಲ್ಲಿ ಓಡುವ ವಿಡಿಯೋ ನೋಡಿ ಟಿವಿ ಆರಿಸಬಾರದು. ಗಿಣಿ, ಹೂವು, ಜೇನುತುಪ್ಪ ಸುರಿಯುವುದು. ಅದರಲ್ಲಿ ಯಾವ ಟಿವಿಯೂ ಚೆನ್ನಾಗೇ ಕಾಣುತ್ತದೆ. ಸಾಲದ್ದಕ್ಕೆ ಟಿವಿಯ ಬೆಳಕು, ಬಣ್ಣ ಎಲ್ಲಾ ಗರಿಷ್ಠಕ್ಕೆ ಏರಿಸಿರುತ್ತಾರೆ. ನಾನು ಒಂದು ಪೆನ್‌ಡ್ರೈವ್‌ನಲ್ಲಿ ನಮ್ಮದೇ ಮೂರು ವಿಡಿಯೋ ಒಯ್ದಿದ್ದೆ. ರಾತ್ರಿ ಮಹಡಿ ಮೇಲೆ ತೆಗೆದದ್ದು ಒಂದು, ಹಗಲಲ್ಲಿ ಅಮ್ಮನ ಮುಖ ಹತ್ತಿರದಿಂದ ತೆಗೆದದ್ದು ಒಂದು, ಅಕ್ಷರಗಳು ಅಡ್ಡಕ್ಕೆ ಓಡುವುದು ಒಂದು. ಹುಡುಗನಿಗೆ ಹೇಳಿ ಪಿಕ್ಚರ್ ಮೋಡ್ ಅನ್ನು 'ವಿವಿಡ್'ನಿಂದ 'ಸಿನಿಮಾ'ಗೆ ಬದಲಾಯಿಸಿದೆ. ಅಮ್ಮನ ಮುಖ ಒಂದು ಟಿವಿಯಲ್ಲಿ ಕಿತ್ತಳೆ ಹಣ್ಣಾಗಿತ್ತು. ಇನ್ನೊಂದರಲ್ಲಿ ಅಮ್ಮನೇ ಇದ್ದಳು. ಆಮೇಲೆ ಎಚ್‌ಡಿ ಅಲ್ಲದ ಹಳೇ ಗುಣಮಟ್ಟದ ಚಾನೆಲ್ ಹಾಕಿಸಿದೆ. ಕಡಿಮೆ ಚುಕ್ಕೆಯ ಚಿತ್ರವನ್ನು ಟಿವಿ ಹಿಗ್ಗಿಸಿ ತುಂಬಬೇಕಲ್ಲ, ಆ ಕೆಲಸದಲ್ಲಿ ಟಿವಿ ಟಿವಿಗೂ ವ್ಯತ್ಯಾಸ ಇದೆ. ಮನೆಯಲ್ಲಿ ನೋಡುವುದರಲ್ಲಿ ಅರ್ಧ ಅಂಥದ್ದೇ ಆದರೆ ಈ ಪರೀಕ್ಷೆ ಬಿಡಬೇಡಿ.

ಎಚ್‌ಡಿಆರ್ ಅಂತ ಬರೆದದ್ದಕ್ಕೂ ಮರುಳಾಗಬೇಡಿ. ಎಚ್‌ಡಿಆರ್ ಅಂದರೆ ಬೆಳಕಿಗೂ ಕತ್ತಲಿಗೂ ಅಂತರ ಜಾಸ್ತಿ ಇರುವ ಚಿತ್ರ. ಆ ಬಗೆಯ ಚಿತ್ರವನ್ನು ಟಿವಿ ಒಪ್ಪಿಕೊಳ್ಳುತ್ತದೆ ಅಂತ ಮಾತ್ರ ಅದರ ಅರ್ಥ. ಅದನ್ನು ತೋರಿಸುವಷ್ಟು ಬೆಳಕು ಪರದೆಗೆ ಇಲ್ಲದಿದ್ದರೆ ಏನೂ ಪ್ರಯೋಜನವಿಲ್ಲ. ಹಾಗೇ 'ಮೋಷನ್' ಅಂತ ಯಾವುದೋ ಪದ ಸೇರಿಸಿ ಮುಂದೆ 200, 240 ಅಂತ ಬರೆದಿರುತ್ತಾರೆ. ನೀವು ಕೇಳಬೇಕಾದದ್ದು ಪ್ಯಾನಲ್‌ನ ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಅದು ಚಿತ್ರ ಬದಲಾಯಿಸುತ್ತದೆ ಅನ್ನುವುದು. ಅದು ಸಾಮಾನ್ಯವಾಗಿ 60 ಇಲ್ಲವೇ 120 ಹರ್ಟ್ಸ್ ಇರುತ್ತದೆ. ಗೇಮ್ ಆಡುವವರಿಗೆ 120 ಬೇಕು, ಅದರ ಜೊತೆ ಎಚ್‌ಡಿಎಂಐ 2.1 ತೂತು ಬೇಕು. ನಮಗೆ 60 ಸಾಕಾಯಿತು.

ಹಿಂದುಗಡೆ ತಿರುಗಿಸಿ ಎಚ್‌ಡಿಎಂಐ ತೂತು ಎಣಿಸಿದೆ. ಮೂರು. ಅದರಲ್ಲಿ ಒಂದರ ಪಕ್ಕ ಮಾತ್ರ 'ಇಎಆರ್‌ಸಿ' ಅಂತ ಇತ್ತು. ಸೌಂಡ್‌ಬಾರ್ ಹಾಕುವುದಾದರೆ ಅಲ್ಲೇ ಹಾಕಬೇಕು. ಟಿವಿ ತೆಳ್ಳಗಾದಷ್ಟೂ ಒಳಗಿನ ಸ್ಪೀಕರ್ ಚಿಕ್ಕದಾಗುತ್ತದೆ, ಮಾತು ಗೊಗ್ಗರು ಗೊಗ್ಗರಾಗಿ ಕೇಳುತ್ತದೆ. ಅಮ್ಮನಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಇನ್ನೂ ದುಬಾರಿ ಟಿವಿಗೆ ಹೋಗದೆ ಉಳಿಸಿದ ದುಡ್ಡನ್ನು ಸೌಂಡ್‌ಬಾರ್‌ಗೆ ಹಾಕಿದೆ. ಈ ಪೂರ್ತಿ ವ್ಯವಹಾರದಲ್ಲಿ ನಾನು ಮಾಡಿದ ಬುದ್ಧಿವಂತ ಕೆಲಸ ಅದೊಂದೇ ಅಂತ ಮನೆಯವಳ ತೀರ್ಪು.

ಗೋಡೆಗೆ ಹಾಕಲು ಬಂದವನು ತಲೆ ಎತ್ತಿ ನೋಡುವಷ್ಟು ಮೇಲೆ ಡ್ರಿಲ್ ಹಿಡಿದ. "ಎಲ್ಲರೂ ಇಷ್ಟಕ್ಕೇ ಹಾಕಿಸ್ತಾರೆ ಸಾರ್" ಅಂದ. ನಾನು ಮೊದಲೇ ಪೆನ್ಸಿಲ್ ಗುರುತು ಹಾಕಿಟ್ಟಿದ್ದೆ. ಸೋಫಾದಲ್ಲಿ ಕೂತಾಗ ನನ್ನ ಕಣ್ಣು ನೆಲದಿಂದ 105 ಸೆಂಟಿಮೀಟರ್. ಪರದೆಯ ನಡುಭಾಗ ಅಲ್ಲಿಗೆ ಬರಬೇಕು. ಗೊಣಗುತ್ತಲೇ ಹಾಕಿದ.

ಮೊದಲ ರಾತ್ರಿ ನಾಲ್ಕು ಕೆಲಸ ಮಾಡಿದೆ. ಸಿನಿಮಾ ಮೋಡ್‌ಗೆ ತಂದೆ. ಎಲ್ಲಾ ಹಳದಿ ಹಳದಿ ಅಂತ ಮನೆಯವರೆಲ್ಲ ಗಲಾಟೆ ಮಾಡಿದರು. ಮೂರು ದಿನ ತಡೆಯಿರಿ ಅಂದೆ. ನಾಲ್ಕನೇ ದಿನ ಹಳೇ ಮೋಡ್ ತೋರಿಸಿದರೆ "ಅಯ್ಯೋ, ನೀಲಿ" ಅಂದರು. ಎರಡನೆಯದು, ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಆರಿಸಿದೆ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚಿತ್ರದಂತೆ. ಟಿವಿ ನಡುವೆ ತನ್ನದೇ ಚಿತ್ರಗಳನ್ನು ತುರುಕಿದರೆ ದೊಡ್ಡ ಸಿನಿಮಾವೂ ಧಾರಾವಾಹಿಯ ಹಾಗೆ ಕಾಣುತ್ತದೆ. ಮೂರನೆಯದು, ನ್ಯೂಸ್ ಪಟ್ಟಿಯ ಕೆಳ ಅಂಚು ಕತ್ತರಿಸಿಹೋಗುತ್ತಿತ್ತು. ಎಷ್ಟೋ ಟಿವಿಗಳು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚು ಕತ್ತರಿಸುತ್ತವೆ. ಪಿಕ್ಚರ್ ಸೈಜ್‌ನಲ್ಲಿ ಹುಡುಕಿ ಅದನ್ನು ತೆಗೆದೆ. ನಾಲ್ಕನೆಯದು, ಸೆಟ್‌ಟಾಪ್ ಬಾಕ್ಸ್ ಕಳಿಸುವ ಚಿತ್ರ 576 ಸಾಲಿನದಾಗಿತ್ತು, ಅದನ್ನು 1080 ಸಾಲಿಗೆ ಏರಿಸಿದೆ.

ಮಗನ ರಾತ್ರಿ ಸಿನಿಮಾಕ್ಕೂ ಒಂದು ದಾರಿ ಸಿಕ್ಕಿತು. ಟಿವಿಯ ಹಿಂದೆ, ಗೋಡೆಗೆ ಬೆಳಕು ಬೀಳುವ ಹಾಗೆ ಒಂದು ಸಣ್ಣ ಬಿಳಿ ದೀಪ ಇಟ್ಟೆ. ಸುತ್ತ ಮಂದ ಬೆಳಕಿದ್ದರೆ ಕಣ್ಣಿಗೆ ಆ ಬೂದಿ ಕಪ್ಪು ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಓಎಲ್‌ಇಡಿ ಆಗಲಿಲ್ಲ, ಆದರೆ ಅವನ ಗೊಣಗಾಟ ನಿಂತಿತು.

ಅಮ್ಮನಿಗೆ ಚಿತ್ರ ಎಷ್ಟು ಹಿಡಿಸಿತೆಂದರೆ ಎರಡನೇ ವಾರಕ್ಕೆ ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಸೋಫಾದ ನಟ್ಟನಡುವೆ ಬಂದು ಕೂತಳು. ಈಗ ಅಲ್ಲೇ. ಓರೆಯಿಂದ ನೋಡಲಿಕ್ಕೆಂದೇ ಅಷ್ಟು ಹುಡುಕಿ ಆರಿಸಿದ ಪ್ಯಾನಲ್ ಅಲ್ವಾ? ಆ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ.